ಹಾಲ್ ಪಕ್ಕದ ರೂಮಲ್ಲೇ ಗರಗಸ ಓಡಿಸಿದೆ, ಟೀವಿ ಮೇಲೆ ಪುಡಿ ಕೂರಲಿಲ್ಲ

"ಮನೆಯೊಳಗೆ ಸರ್ಕ್ಯುಲರ್ ಸಾ ಓಡಿಸ್ತೀಯಾ? ತಲೆ ಕೆಟ್ಟಿದೆಯಾ ನಿಂಗೆ?" ಮರಗೆಲಸ ಗೊತ್ತಿರೋ ಗೆಳೆಯರೆಲ್ಲ ಕೇಳಿದ್ದು ಇದನ್ನೇ. ಸರ್ಕ್ಯುಲರ್ ಸಾ ಅಂದರೆ ದುಂಡು ಬ್ಲೇಡ್ ತಿರುಗೋ ಕರೆಂಟ್ ಗರಗಸ. ಹೊರಗೆ ಕುಯ್ಯೋಣ ಅಂದರೆ ನನಗೆ ಜಾಗವೇ ಇಲ್ಲ. ಇರೋದು ಒಂದು ರೂಮು, ಅದಕ್ಕೊಂದು ಕಿಟಕಿ. ಹೋದ ತಿಂಗಳು ಅದೇ ರೂಮಲ್ಲಿ 18 ಎಂಎಂ ಪ್ಲೈವುಡ್ ಐದಾರು ಹಾಳೆ ಕುಯ್ದು ಎರಡು ಕಪಾಟು ಮುಗಿಸಿದೆ. ಪಕ್ಕದ ಹಾಲ್‌ನಲ್ಲಿ ಕಪ್ಪು ಟೀವಿ. ನನ್ನವಳು ಅದರ ಮೇಲಂಚಲ್ಲಿ ಬೆರಳು ಎಳೆದಳು, ಬೆರಳನ್ನ ಬೆಳಕಿಗೆ ಹಿಡಿದು ನೋಡಿದಳು, ಏನೂ ಮಾತಾಡದೆ ಒಳಗೆ ಹೋದಳು. ನನಗೆ ಅದೇ ಸರ್ಟಿಫಿಕೇಟು.

ಇಲ್ಲಿಗೆ ಬರೋಕೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಗರಗಸಕ್ಕೆ ಕೊಟ್ಟಿದ್ದರ ಮೂರು ಪಟ್ಟು ದುಡ್ಡು ಪುಡಿ ಹಿಡಿಯೋಕೇ ಹೋಗಿದೆ. ಅದರಲ್ಲಿ ಅರ್ಧ ಶುದ್ಧ ದಂಡ.

ಮೊದಲನೇ ದಂಡ, ಮನೆ ಗುಡಿಸೋ ವ್ಯಾಕ್ಯೂಮನ್ನೇ ಗರಗಸಕ್ಕೆ ಸಿಕ್ಕಿಸಿದ್ದು. ನಾಲ್ಕು ಕೊಯ್ತಕ್ಕೆ ಫಿಲ್ಟರ್ ಕಟ್ಟಿಕೊಂಡಿತು, ಮೋಟಾರ್ ವಾಸನೆ ಬಂತು. ಅದು ಹೋಗಲಿ. ರಾತ್ರಿ ಲೈಟ್ ಆರಿಸಿ ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿದರೆ, ಮಿಷನ್ನಿನ ಹಿಂಬದಿಯಿಂದ ಹಿಟ್ಟಿನಂಥ ಪುಡಿ ಹೊಗೆಯ ಹಾಗೆ ಏಳ್ತಾ ಇದೆ! ದಪ್ಪ ಪುಡಿ ಒಳಗೆ ಉಳಿಯಿತು, ಎದೆಗೆ ಹೋಗೋ ಸಣ್ಣದು ಫಿಲ್ಟರಿಂದ ನುಸುಳಿಕೊಂಡು ರೂಮಿಗೇ ವಾಪಸ್. ಮರದ ಪುಡಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1995ರಲ್ಲೇ ಹೇಳಿಯಾಗಿದೆ. ಆ ರಾತ್ರಿಯಿಂದ ಟಾರ್ಚೇ ನನ್ನ ಮೀಟರು. ನೆಲ ನೋಡಿ ಸ್ವಚ್ಛ ಅನ್ನೋರನ್ನ ನಾನು ನಂಬಲ್ಲ.

ಆಮೇಲೆ ತೀರಾ ಸಣ್ಣ ಪುಡಿಯನ್ನೂ ಹಿಡಿಯೋ ಹೆಪಾ ಫಿಲ್ಟರ್ ಇರೋ ದೊಡ್ಡ ವ್ಯಾಕ್ಯೂಮ್ ತಂದೆ. ಅದರ ಫಿಲ್ಟರ್ ಬೇಗ ಕಟ್ಟದಿರಲಿ ಅಂತ ಮುಂದೆ ಸೈಕ್ಲೋನ್ (ಗಾಳಿಯನ್ನ ಸುತ್ತಿಸಿ ಪುಡಿಯನ್ನ ಕೆಳಕ್ಕೆ ಬೀಳಿಸೋ ಕೊಳವೆ), ಅದರ ಕೆಳಗೆ 20 ಲೀಟರ್ ಬಕೆಟ್. ಒಂದು ದಿನ ಪೈಪಿನ ಬಾಯಿಗೆ ಮರದ ಚಕ್ಕೆ ಸಿಕ್ಕಿಕೊಂಡಿತು. ಡಬ್ ಅಂತ ಸದ್ದು. ತಿರುಗಿ ನೋಡಿದರೆ ಬಕೆಟ್ ಸೊಂಟ ಒಳಕ್ಕೆ ಹೋಗಿ ಹಿಂಡಿದ ನಿಂಬೆಹಣ್ಣಿನಂತಾಗಿದೆ. ಈಗ ಬಕೆಟ್ಟೊಳಗೆ ಬಕೆಟ್ ಇಟ್ಟಿದೀನಿ, ಅಲ್ಲಾಡಲ್ಲ.

ಇಷ್ಟಾದರೂ ಅರ್ಧ ಪುಡಿ ಹಾರ್ತಾನೇ ಇತ್ತು. ಆಗ ಕೂತು ಲೆಕ್ಕ ಹಾಕಿದೆ. 18 ಎಂಎಂ ಪ್ಲೈನಲ್ಲಿ 2.4 ಮೀಟರ್ ಉದ್ದದ ಒಂದು ಕೊಯ್ತ, ಬ್ಲೇಡ್ ಮಾಡೋ ಸೀಳು 3 ಎಂಎಂ ಅಗಲ: ಗಟ್ಟಿ ಮರವೇ 130 ಎಂಎಲ್ ಹೋಗುತ್ತೆ. ಪುಡಿಯಾಗಿ ಉಬ್ಬಿದರೆ ಅದರ ಮೂರು ಪಟ್ಟಾದರೂ ಆಗುತ್ತೆ. 1.8 ಎಂಎಂ ಬ್ಲೇಡ್ ಹಾಕಿದರೆ 78 ಎಂಎಲ್. ಹಿಡಿಯೋಕೆ ಒದ್ದಾಡೋದಕ್ಕಿಂತ ಹುಟ್ಟಿಸದೆ ಇರೋದೇ ಅಗ್ಗ. ಬ್ಲೇಡಿಗೆ ಕೊಟ್ಟ ದುಡ್ಡು, ಪೂರ್ತಿ ಸಾರ್ಥಕ ಆಗಿದ್ದು ಅದೊಂದೇ.

ಅಸಲಿ ಗುಟ್ಟು ಇದ್ದದ್ದು ಹಾಳೆಯ ಕೆಳಗೆ. ಎರಡು ಸ್ಟೂಲ್ ಮೇಲೆ ಹಾಳೆ ಇಟ್ಟು ಕುಯ್ದರೆ ಕೊಯ್ತದ ಸೀಳಿಂದ ಪುಡಿ ಕೆಳಕ್ಕೆ ಸುರಿಯುತ್ತೆ; ಅಲ್ಲಿಗೆ ಯಾವ ವ್ಯಾಕ್ಯೂಮಿನ ಕೈಯೂ ಎಟುಕಲ್ಲ. ನೆಲಕ್ಕೆ ಥರ್ಮೋಕೋಲ್ ಹಾಸಿ ಅದರ ಮೇಲೆ ಹಾಳೆ ಮಲಗಿಸಿದೆ. ಪುಡಿ ನಿಂತಿತು, ಬದಲಿಗೆ ಬಿಳಿ ಕಾಳು ಎದ್ದು ಮೈ, ತಲೆ, ಹುಬ್ಬಿಗೆಲ್ಲ ಅಂಟಿಕೊಂಡಿತು! ಗಟ್ಟಿ ಇನ್ಸುಲೇಷನ್ ಫೋಮ್ ಹಾಸಿದ ಮೇಲೆ ಸರಿಹೋಯಿತು. ಬ್ಲೇಡ್ ಆಳ ಪ್ಲೈಗಿಂತ 3-4 ಎಂಎಂ ಮಾತ್ರ ಜಾಸ್ತಿ. ಕೆಳಗಿನ ದಾರಿ ಮುಚ್ಚಿದರೆ ಪುಡಿ ಬ್ಲೇಡ್ ಮುಚ್ಚೋ ಗಾರ್ಡಿನೊಳಕ್ಕೇ ಏರಬೇಕು, ಅಲ್ಲಿಂದ ವ್ಯಾಕ್ಯೂಮ್ ಎಳೆದುಕೊಳ್ಳುತ್ತೆ. ಗಾರ್ಡಿನ ಪಕ್ಕದ ಸಂದುಗಳಿಗೆ ಟೇಪ್ ಸುತ್ತಿದೀನಿ, ಎಲ್ಲೆಲ್ಲಿ ಅಂತ ನಿಮ್ಮ ಗರಗಸ ನೋಡಿ ನೀವೇ ಕಂಡುಕೊಳ್ಳಿ. ಒಂದು ಜಾಗಕ್ಕೆ ಮಾತ್ರ ಟೇಪ್ ಹಚ್ಚಬಾರದು: ತಾನಾಗೇ ಹಿಂದೆ ಸರಿದು ಮತ್ತೆ ಬ್ಲೇಡ್ ಮುಚ್ಚೋ ಕೆಳಗಿನ ಗಾರ್ಡಿಗೆ. ಅದು ಸಿಕ್ಕಿಕೊಂಡರೆ ಬೆರಳಿಗೇ ಕುತ್ತು.

ಅಂಚಿನ ತೆಳು ಪಟ್ಟಿ ಕುಯ್ದು ತೆಗೆಯುವಾಗ ಮಾತ್ರ ಇದೆಲ್ಲ ಕೈಕೊಡುತ್ತೆ. ಬ್ಲೇಡಿನ ಒಂದು ಪಕ್ಕ ಬಯಲು, ಪುಡಿ ಆ ಕಡೆಯಿಂದ ಸೀದಾ ಗೋಡೆಗೆ. ಅಷ್ಟೇ ದಪ್ಪದ ವೇಸ್ಟ್ ತುಂಡನ್ನ ಅಂಚಿಗೆ ಒತ್ತಿ ಇಟ್ಟು ಎರಡರ ನಡುವೆ ಕುಯ್ಯಿರಿ. ಇಷ್ಟು ಚಿಕ್ಕ ವಿಷಯ ಹೊಳೆಯೋಕೆ ನನಗೆ ಆರು ತಿಂಗಳಾಯಿತು, ನಾಚಿಕೆ.

ಕಿಟಕಿಗೆ ಹೊರಕ್ಕೆ ಊದೋ ಫ್ಯಾನ್. ಮೊದಮೊದಲು ಜಾಣತನ ಮಾಡಿ ಬಾಗಿಲ ಸಂದಿಗೆಲ್ಲ ಪ್ಲಾಸ್ಟಿಕ್ ಅಂಟಿಸಿದ್ದೆ. ಒಳಗೆ ಬರೋಕೆ ಗಾಳಿಯೇ ಇಲ್ಲದಿದ್ದರೆ ಹೊರಗೆ ಹೋಗೋದು ಏನು? ಫ್ಯಾನ್ ಸುಮ್ಮನೆ ಗುಂಯ್‌ಗುಡ್ತಾ ಇತ್ತು. ಈಗ ಬಾಗಿಲ ಕೆಳಗೆ ಎರಡು ಬೆರಳು ಸಂದು. ಹಾಲ್ ಗಾಳಿ ರೂಮಿಗೆ ನುಗ್ಗುತ್ತೆ, ರೂಮಿನದು ಹಾಲ್‌ಗೆ ಬರಲ್ಲ. ಅಲ್ಲೊಂದು ನೂಲಿನ ಎಳೆ ಕಟ್ಟಿದೀನಿ, ಅದು ಒಳಕ್ಕೆ ಬಾಗಿದ್ದರಷ್ಟೇ ಗರಗಸಕ್ಕೆ ಸ್ವಿಚ್. ಕೆಲಸ ಮುಗಿದ ಮೇಲೂ ಫ್ಯಾನ್ ಅರ್ಧ ಗಂಟೆ ಓಡ್ತಿರುತ್ತೆ, ಮಾಸ್ಕೂ ಮುಖದ ಮೇಲೇ.

ನಡುವೆ ಒಂದು ಹುಚ್ಚು ಪ್ರಯೋಗ: ಗೆರೆ ಮೇಲೆ ನೀರು ಸಿಂಪಡಿಸಿ ಕುಯ್ದೆ. ಪುಡಿ ಏಳಲಿಲ್ಲ, ನಿಜ. ಗಾರ್ಡಿನೊಳಗೆ ಗಂಜಿಯಾಗಿ ಮೆತ್ತಿಕೊಂಡಿತು, ಪ್ಲೈ ಅಂಚು ಉಬ್ಬಿತು. ಒಂದು ಹಾಳೆ ಪೂರ್ತಿ ಹೋಯಿತು.

ಹೆದರಿಸಿದ್ದು ಇನ್ನೊಂದು. ಹಳೇ ಹಲಗೆಯಲ್ಲಿ ಮೊಳೆ ಇದ್ದದ್ದು ನೋಡದೆ ಕುಯ್ದೆ, ಕಿಡಿ ಹಾರಿತು. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ. ಬಕೆಟ್ ಮುಚ್ಚಳ ತೆಗೆದರೆ ಪುಡಿ ನಡುವೆ ನಾಣ್ಯದಷ್ಟಗಲ ಕರೀ ಚುಕ್ಕೆ, ಸುತ್ತ ಕೆಂಪು ಅಂಚು, ನಿಧಾನ ಹಬ್ಬುತ್ತಾ ಇದೆ. ಒಂದು ಚೊಂಬು ನೀರು ಸುರಿದೆ. ಈಗ ಆ ಬಕೆಟ್ಟನ್ನ ರಾತ್ರಿ ಮನೆಯೊಳಗೆ ಬಿಡೋದೇ ಇಲ್ಲ.

ಹಲಗೆಯನ್ನ ಅಡ್ಡಕ್ಕೆ ಕುಯ್ಯೋ ಇನ್ನೊಂದು ಗರಗಸ, ಮೈಟರ್ ಸಾ, ಇನ್ನೂ ಪೂರ್ತಿ ಬಗ್ಗಿಲ್ಲ. ಹಿಂದೆ ರಟ್ಟಿನ ಪೆಟ್ಟಿಗೆಯ ಗೂಡು ಮಾಡಿ ಅದರ ತಳಕ್ಕೆ ಪೈಪ್ ಕೊಟ್ಟಿದೀನಿ, ನೂರಕ್ಕೆ ಎಂಬತ್ತು ಸಿಗಬಹುದು. ಗೂಡಿನ ಬಾಯಿಯ ಆಕಾರ ಬದಲಾಯಿಸಿದಾಗ ಬಂದ ವ್ಯತ್ಯಾಸ ಮಾತ್ರ ಭರ್ಜರಿ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ಕಪಾಟು ಮುಗಿದ ದಿನ ತೆಗೆದು ನೋಡಿದೆ: ಬಕೆಟ್ ಅರ್ಧಕ್ಕಿಂತ ಸ್ವಲ್ಪ ಕೆಳಗೆ, ವ್ಯಾಕ್ಯೂಮಿನ ಚೀಲದಲ್ಲಿ ಒಂದು ಹಿಡಿ, ಮೊರಕ್ಕೆ ಗುಡಿಸಿದ್ದು ಎರಡು ಚಮಚ.