ಗೇಟಿನಿಂದ ಹೊರಗೆ ಬನ್ನಿ: ಗ್ವಾದಲಹಾರಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಕೆಲಸದ ಮೇಲೆ ಮೆಕ್ಸಿಕೊದ ಗ್ವಾದಲಹಾರಕ್ಕೆ ಬರುವ ನಮ್ಮವರಲ್ಲಿ ಬಹಳಷ್ಟು ಮಂದಿ ಬಂದ ಹೊಸತರಲ್ಲೇ ಒಂದು ತಪ್ಪು ಮಾಡುತ್ತಾರೆ. ಅದನ್ನು ನೋಡಿ ನೋಡಿ ಸಂಕಟವಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸಪೋಪಾನ್ ಕಡೆ ಎತ್ತರದ ಗೋಡೆ, ಗೇಟು, ಕಾವಲುಗಾರರಿರುವ ಬಡಾವಣೆಯಲ್ಲಿ ಮನೆ ಹಿಡಿಯುತ್ತಾರೆ. ಇಂಥ ಬಡಾವಣೆಗೆ ಇಲ್ಲಿ ಕೊತೊ ಎನ್ನುತ್ತಾರೆ. ಅಕ್ಕಪಕ್ಕ ನಮ್ಮ ದೇಶದವರೇ, ಕಚೇರಿಯಲ್ಲಿ ಇಂಗ್ಲಿಷ್, ತರಕಾರಿಗೆ ಸೂಪರ್‌ಮಾರ್ಕೆಟ್, ಓಡಾಟಕ್ಕೆ ಟ್ಯಾಕ್ಸಿ. ಎರಡು ಮೂರು ವರ್ಷ ಹೀಗೆ ಕಳೆದು, ಇಲ್ಲಿನ ಜನ ನಮ್ಮ ಜೊತೆ ಬೆರೆಯುವುದಿಲ್ಲ ಎಂದು ದೂರುತ್ತಾ ಹೊರಟುಬಿಡುತ್ತಾರೆ. ಬೆರೆಯದೆ ಉಳಿದವರು ಯಾರು ಎಂದು ಒಬ್ಬರೂ ಕೇಳಿಕೊಳ್ಳುವುದಿಲ್ಲ.

ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ. ನಿವಾಸಿ ವೀಸಾದ ಮೇಲೆ ಬಂದವರು 30 ದಿನದೊಳಗೆ ವಲಸೆ ಕಚೇರಿಯಲ್ಲಿ ಕಾರ್ಡಿನ ಕೆಲಸ ಶುರುಮಾಡಬೇಕು. ಆಮೇಲೆ ಕುರ್ಪ್ ಎಂಬ ಗುರುತಿನ ಸಂಖ್ಯೆ, ತೆರಿಗೆ ನೋಂದಣಿ, ಬ್ಯಾಂಕ್ ಖಾತೆ. ಇಲ್ಲಿನವರ ಹೆಸರಿನಲ್ಲಿ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಮನೆತನದ ಹೆಸರಿರುತ್ತದೆ. ಇನಿಷಿಯಲ್‌ಗಳನ್ನೇ ನಂಬಿಕೊಂಡ ನಮಗೆ ಎರಡೂ ಇರುವುದಿಲ್ಲ. 18 ಅಕ್ಷರ-ಅಂಕಿಗಳ ಕುರ್ಪ್‌ನಲ್ಲಿ ಎರಡನೆಯ ಮನೆತನದ ಹೆಸರಿನ ಜಾಗಕ್ಕೆ ಎಕ್ಸ್ ಬಿದ್ದರೆ ಗಾಬರಿಯಾಗಬೇಡಿ. ಮೊದಲ ಕಾರ್ಡಿನಲ್ಲಿ ಹೆಸರು ಹೇಗೆ ಬಿತ್ತೋ ಎಲ್ಲ ಕಡೆಯೂ ಹಾಗೆಯೇ ಬರುವಂತೆ ನೋಡಿಕೊಳ್ಳಿ, ಅಷ್ಟು ಸಾಕು. ಇಲ್ಲಿನ ಸಂವಿಧಾನದ 33ನೇ ವಿಧಿ ವಿದೇಶಿಯರು ರಾಜಕೀಯದಲ್ಲಿ ತಲೆಹಾಕಬಾರದು ಎನ್ನುತ್ತದೆ, ಮೆರವಣಿಗೆಗಳಿಂದ ದೂರವಿರಿ.

ಮೊದಲ ಶನಿವಾರವೋ ಭಾನುವಾರವೋ, ನಿಮ್ಮ ಬಡಾವಣೆಯ ಹತ್ತಿರ ಯಾವ ದಿನ ತಿಯಾಂಗಿಸ್ ಕೂಡುತ್ತದೆಂದು ವಿಚಾರಿಸಿಕೊಂಡು ಹೋಗಿ. ಅದು ವಾರದ ಸಂತೆಯೇ. ಬೆಳಿಗ್ಗೆ ಬೀದಿಯ ಉದ್ದಕ್ಕೂ ಬಣ್ಣದ ಟಾರ್ಪಾಲು ಕಟ್ಟುತ್ತಾರೆ, ಮಧ್ಯಾಹ್ನ ಕಳೆಯುತ್ತಲೇ ಬಿಚ್ಚುತ್ತಾರೆ. ಒಬ್ಬ ಹೆಂಗಸು ನೊಪಾಲ್ ಎಂಬ ಪಾಪಾಸುಕಳ್ಳಿಯ ಹಸಿರು ಹಾಳೆಯನ್ನು ಅಂಗೈ ಮೇಲಿಟ್ಟುಕೊಂಡು, ನಿಮ್ಮೊಂದಿಗೆ ಮಾತಾಡುತ್ತಲೇ ಚಾಕುವಿನಿಂದ ಮುಳ್ಳು ಹೆರೆಯುತ್ತಿರುತ್ತಾಳೆ. ಒಂದು ಮುಳ್ಳೂ ಕೈಗೆ ತಾಗುವುದಿಲ್ಲ. ಪಕ್ಕದಲ್ಲಿ ಚಯೋತೆ ರಾಶಿ, ಅಂದರೆ ನಮ್ಮ ಸೀಮೆಬದನೆಕಾಯಿ. ಅದರ ತವರು ಇದೇ ದೇಶ. ವೆರ್ದೊಲಾಗಾ ಎಂದು ಮಾರುವ ಸೊಪ್ಪು ನಮ್ಮ ಗೋಣಿಸೊಪ್ಪು. ಪಿಲೊನ್ಸಿಯೊ ಎಂದರೆ ಅಚ್ಚಿನಲ್ಲಿ ಎರೆದ ಬೆಲ್ಲ. ಹುಣಸೆಹಣ್ಣು, ತೆಂಗಿನಕಾಯಿ, ತೆಳುಸಿಪ್ಪೆಯ ನಿಂಬೆಹಣ್ಣು, ಕೊತ್ತಂಬರಿಸೊಪ್ಪು ಎಲ್ಲವೂ ಉಂಟು. ಸಾರಿನಪುಡಿಗೆ ಬ್ಯಾಡಗಿಯ ಬಣ್ಣ ಬೇಕಾದವರು ಅಬಾಸ್ತೊಸ್ ಸಗಟು ಮಾರುಕಟ್ಟೆಗೆ ಹೋಗಿ ಗ್ವಾಹಿಯೊ ಮೆಣಸಿನಕಾಯಿ ತನ್ನಿ, ಖಾರಕ್ಕೆ ಆರ್ಬೊಲ್ ಸೇರಿಸಿ. ತೊಗರಿಬೇಳೆ, ಕರಿಬೇವಿಗೆ ಮಾತ್ರ ಪರದಾಟ ತಪ್ಪಿದ್ದಲ್ಲ. ಒಂದೇ ಅಂಗಡಿಗೆ ನಾಲ್ಕು ವಾರ ಹೋದರೆ ಐದನೆಯ ವಾರ ಕೇಳದೆಯೇ ಕೊಸರು ಬೀಳುತ್ತದೆ. ನಿಮ್ಮ ಸ್ಪ್ಯಾನಿಷ್ ಅಲ್ಲೇ ಬೆಳೆಯುತ್ತದೆ. ಮೊಬೈಲಿನ ಪಾಠ ನಿಮಗೆ ಪದಗಳನ್ನು ಕೊಡಬಹುದು, ಚೌಕಾಶಿಯ ದನಿಯನ್ನು ಕೊಡಲಾರದು.

ಅಂಗಡಿಗೆ ಹೋದವರೇ ‘ಇದೆಷ್ಟು?’ ಎನ್ನಬೇಡಿ. ಮೊದಲು ‘ಬ್ವೆನೊಸ್ ದಿಯಾಸ್’, ಆಮೇಲೆ ವ್ಯಾಪಾರ. ವೈದ್ಯರ ಕೋಣೆಯ ಹೊರಗೆ ಕಾಯುವವರಿಗೂ ಹೇಳಿ, ಲಿಫ್ಟಿನಲ್ಲಿ ಸಿಕ್ಕವರಿಗೂ ಹೇಳಿ. ಹೋಟೆಲಿನಿಂದ ಎದ್ದು ಹೊರಡುವಾಗ ಇನ್ನೂ ಉಣ್ಣುತ್ತಿರುವ ಅಪರಿಚಿತರಿಗೆ ‘ಪ್ರೊವೆಚೊ’ ಎಂದು ಹಾರೈಸಿ ಹೋಗುವುದು ಇಲ್ಲಿನ ರೂಢಿ. ಹೇಳದೆ ಹೋದರೆ ಯಾರೂ ಬೈಯುವುದಿಲ್ಲ, ಆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ.

ಸಸ್ಯಾಹಾರಿಗಳು ಇನ್ನಷ್ಟು ಎಚ್ಚರವಾಗಿರಬೇಕು. ಅರೆದು ಹುರಿದ ಹುರುಳಿಕಾಯಿ ಬೀಜದ ಪಲ್ಯಕ್ಕೆ, ತಮಾಲೆಸ್ ಎಂಬ ಜೋಳದ ಕಡುಬಿನ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವುದು ಸಾಮಾನ್ಯ. ಕೆಂಪನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುತ್ತಾರೆ. ‘ಮಾಂಸ ತಿನ್ನುವುದಿಲ್ಲ’ ಎಂದರೆ ಕೋಳಿ ಬಡಿಸಿಯಾರು, ಏಕೆಂದರೆ ಇಲ್ಲಿ ಮಾಂಸವೆಂದರೆ ಹೆಚ್ಚಾಗಿ ದನದ್ದು, ಹಂದಿಯದ್ದು. ‘ಯೇವಾ ಮಾಂತೆಕಾ?’, ಅಂದರೆ ಹಂದಿಯ ಕೊಬ್ಬು ಹಾಕಿದೆಯೇ, ಎಂದು ಬಿಡಿಸಿ ಕೇಳಿ. ಆದರೆ ಈ ಭಯಕ್ಕೆ ನೆರೆಯವರ ಆಹ್ವಾನವನ್ನೇ ತಿರಸ್ಕರಿಸಬೇಡಿ, ಕೈಮುಗಿದು ಕೇಳುತ್ತೇನೆ. ಮೊದಲೇ ತಿಳಿಸಿದರೆ ನಿಮಗಾಗಿ ಎಣ್ಣೆಯಲ್ಲಿ ಬೇರೆ ಮಾಡಿಡುತ್ತಾರೆ. ನೀವೊಂದು ಪಾತ್ರೆ ಚಿತ್ರಾನ್ನ ಒಯ್ಯಿರಿ. ನಿಂಬೆ, ಮೆಣಸಿನಕಾಯಿ, ಕಡಲೆಕಾಯಿ ಬಲ್ಲ ಜನರಿಗೆ ಅದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.

ಊರಿನಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಇಲ್ಲಿಂದ ಹೊರಟು ಸಮಯಕ್ಕೆ ಮುಟ್ಟುವುದು ಕಷ್ಟ. ನನ್ನ ತಂದೆಯವರ ಮುಖವನ್ನು ಕೊನೆಯ ಬಾರಿ ನೋಡಿದ್ದು ಮೊಬೈಲಿನಲ್ಲಿ. ನವೆಂಬರ್ ಮೊದಲಲ್ಲಿ ಇಲ್ಲಿ ತೀರಿಕೊಂಡವರನ್ನು ನೆನೆಯುವ ಹಬ್ಬ. ಆ ವರ್ಷ ಅದು ಹತ್ತಿರವಾದಾಗ ಪಕ್ಕದ ಮನೆಯ ಅಜ್ಜಿ ಬಂದು ತಂದೆಯವರ ಫೋಟೊ ಕೇಳಿದರು. ತಮ್ಮ ಗಂಡ, ತಮ್ಮ ಅಕ್ಕನ ಫೋಟೊಗಳ ನಡುವೆ ಇಟ್ಟು, ಚೆಂಡುಹೂ ಹಾಕಿ, ಒಂದು ಲೋಟ ನೀರಿಟ್ಟು, ಅವರಿಗೆ ಏನು ಇಷ್ಟವಿತ್ತು ಎಂದರು. ಪಿತೃಪಕ್ಷದಲ್ಲಿ ಎಡೆ ಇಡುವ ಮನೆಯಲ್ಲಿ ಬೆಳೆದವನಿಗೆ ಆ ಪ್ರಶ್ನೆ ಹೊಸದಲ್ಲ. ಕೋಡುಬಳೆ ಕರಿದು ಕೊಟ್ಟೆವು.

ಮಕ್ಕಳ ವಿಷಯದಲ್ಲಿ ನನಗೆ ನೆಮ್ಮದಿಯೂ ಇದೆ, ನೋವೂ ಇದೆ. ಇಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಮೆಕ್ಸಿಕೊ ಪ್ರಜೆ. ಭಾರತ ಎರಡು ಪೌರತ್ವ ಒಪ್ಪದ ಕಾರಣ ಪಾಸ್‌ಪೋರ್ಟ್ ಮಾಡಿಸುವ ಮೊದಲು ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಧ್ವಜವಂದನೆ. ಬಲಗೈಯನ್ನು ಎದೆಯ ಮಟ್ಟಕ್ಕೆ ಅಡ್ಡಲಾಗಿ ಹಿಡಿದು, ಅಂಗೈ ಕೆಳಮುಖವಾಗಿಸಿ ಮಗಳು ಹಾಡುವಾಗ ಅವಳ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರುವುದಿಲ್ಲ. ನನಗೆ ಹೆಮ್ಮೆಯಾಗುತ್ತದೆ. ಅದೇ ಮಗಳು ಭಾನುವಾರ ಊರಿನಲ್ಲಿರುವ ಅಜ್ಜಿಯ ಜೊತೆ ಫೋನಿನಲ್ಲಿ ಎರಡು ಮಾತಾಡಿ ಮೂರನೆಯದಕ್ಕೆ ನನ್ನ ಮುಖ ನೋಡುತ್ತಾಳೆ. ಊರಿಗೂ ನಮಗೂ ಹನ್ನೊಂದೂವರೆ ಗಂಟೆಯ ಅಂತರ. 2022ರಲ್ಲಿ ಬೇಸಿಗೆಯ ಗಡಿಯಾರ ಬದಲಾವಣೆ ನಿಂತಮೇಲೆ ವರ್ಷವಿಡೀ ಅಷ್ಟೇ. ಇಲ್ಲಿ ಬೆಳಿಗ್ಗೆ ಎಂಟಾದರೆ ಅಲ್ಲಿ ಸಂಜೆ ಏಳೂವರೆ. ಆ ಹೊತ್ತನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಮಗು ಸ್ಪ್ಯಾನಿಷಿನಲ್ಲಿ ಕೇಳಿದ್ದಕ್ಕೂ ನೀವು ಕನ್ನಡದಲ್ಲೇ ಉತ್ತರಿಸಿ. ಮನೆಯಲ್ಲಿ ಇಂಗ್ಲಿಷ್ ನುಸುಳಿದರೆ ಹೊರಗೆ ಹೋಗುವುದು ಕನ್ನಡವೇ ಹೊರತು ಸ್ಪ್ಯಾನಿಷ್ ಅಲ್ಲ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳಿ. ಅವರಿಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊದ್ದು ಬೇರೆ ಬೇಕಾಗುವುದಿಲ್ಲ. ಬಂದಮೇಲೆ ಗೇಟಿನೊಳಗೆ ಕೂಡಿಹಾಕದೆ, ಸಂಜೆ ಚರ್ಚಿನ ಮುಂದಿನ ಚೌಕಕ್ಕೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ. ಅಲ್ಲಿ ಅವರ ವಯಸ್ಸಿನವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಡಿಸೆಂಬರಿನಲ್ಲಿ ಬರುವುದಾದರೆ ಸ್ವೆಟರು, ಶಾಲು, ಕಾಲುಚೀಲ ತರಲು ಹೇಳಿ. ಇಲ್ಲಿನ ಮನೆಗಳಲ್ಲಿ ಹೀಟರ್ ಇರುವುದು ಅಪರೂಪ, ಬೆಳಗಿನ ಹೊತ್ತು ನೆಲ ಕೊರೆಯುತ್ತದೆ.