ಪ್ರೈಮರ್ ಕೊಳ್ಳುವ ಮುನ್ನ ವೀಸಾ ನೋಡಿಕೊಳ್ಳಿ: ಅಮೆರಿಕದಲ್ಲಿ ಮನೆಯಲ್ಲೇ ತೋಟಾ ತುಂಬುವ ಕನ್ನಡಿಗರಿಗೆ

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು, ಅಂದರೆ ಖಾಲಿ ಕೇಸಿಗೆ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು ಸೇರಿಸಿ ತೋಟಾ ಮಾಡಿಕೊಳ್ಳಲು, ಕೇಂದ್ರ ಸರ್ಕಾರದ ಲೈಸೆನ್ಸ್ ಬೇಡ. ಊರಿನಿಂದ ಹೊಸದಾಗಿ ಬಂದವರಿಗೆ ಈ ಮಾತು ಹೇಳಿದರೆ ಮೊದಲು ನಂಬುವುದಿಲ್ಲ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರುವ, ವರ್ಷಕ್ಕೆ ಇಷ್ಟೇ ತೋಟಾ ಎಂದು ಲೈಸೆನ್ಸ್ ಪುಸ್ತಕದಲ್ಲಿ ಬರೆಸಿಕೊಳ್ಳುವ ನಾಡಿನವರು ನಾವು. ಇಲ್ಲಿ ಗ್ಯಾರೇಜಿನ ಮೂಲೆಯಲ್ಲಿ ಒಂದು ಬೆಂಚು, ಅದರ ಮೇಲೆ ತೋಟಾದ ಭಾಗಗಳನ್ನು ಒತ್ತಿ ಕೂರಿಸುವ ಒಂದು ಪ್ರೆಸ್ ಇಟ್ಟುಕೊಂಡು ಪಕ್ಕದ ಮನೆಯ ನಿವೃತ್ತ ಮೇಷ್ಟರು ಜಿಂಕೆ ಬೇಟೆಗೆ ಬೇಕಾದಷ್ಟನ್ನು ತಾವೇ ತುಂಬಿಕೊಳ್ಳುತ್ತಾರೆ.

ಆದರೆ ಆ ಮೇಷ್ಟರಿಗೆ ಇರುವ ಹಕ್ಕು ನಮಗೆಲ್ಲರಿಗೂ ಇಲ್ಲ. ನಾನು ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ಅಂಗಡಿಯಲ್ಲಿ ತೋಟಾ ಸಿಗದ ಕಾಲ ಬಂದಾಗಲೆಲ್ಲ ನಮ್ಮ ಹುಡುಗರು "ನಾವೇ ತುಂಬಿಕೊಂಡರೆ ಹೇಗೆ?" ಎಂದು ಕೇಳುತ್ತಾರೆ. ಹೇಗೆ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, ನಿಮ್ಮ ಪಾಸ್‌ಪೋರ್ಟಿನಲ್ಲಿ ಯಾವ ವೀಸಾ ಇದೆ?

ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2, ಇವೆಲ್ಲ ಅಮೆರಿಕದ ಕಾನೂನಿನಲ್ಲಿ ವಲಸೆಯೇತರ, ಅಂದರೆ ತಾತ್ಕಾಲಿಕವಾಗಿ ಇರಲು ಕೊಡುವ ವೀಸಾಗಳು. ಇಂಥ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದಿರುವುದು ಅಪರಾಧ. ಇನ್ನು ಮದ್ದುಗುಂಡು ಎಂದರೇನು ಎಂಬ ವ್ಯಾಖ್ಯೆಯಲ್ಲಿಯೇ ನಮ್ಮವರು ಎಡವುವುದು. 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ ಪೂರ್ತಿ ತುಂಬಿದ ತೋಟಾ ಮಾತ್ರವಲ್ಲ, ಖಾಲಿ ಕೇಸು, ಪ್ರೈಮರ್, ಗುಂಡು, ಮದ್ದು, ಇವುಗಳಲ್ಲಿ ಬಿಡಿಯಾಗಿ ಯಾವುದಿದ್ದರೂ ಅದು ಮದ್ದುಗುಂಡೇ. "ನನ್ನ ಹತ್ತಿರ ಬಂದೂಕು ಇಲ್ಲವಲ್ಲ, ಬರೀ ಪ್ರೈಮರ್ ಡಬ್ಬಿ ತಾನೇ" ಎಂಬ ಸಮಾಧಾನ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಈ ಅಪರಾಧಕ್ಕೆ 2022ರ ತಿದ್ದುಪಡಿಯ ನಂತರ ಗರಿಷ್ಠ 15 ವರ್ಷ ಜೈಲು. ಅದಕ್ಕಿಂತ ಮುಂಚೆಯೇ ವೀಸಾ ಹೋಗಿರುತ್ತದೆ. ಗಡೀಪಾರಿಗೂ ಇದು ಕಾರಣವಾಗುತ್ತದೆ.

ಒಂದು ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಕೈಯಲ್ಲಿದ್ದರೆ ಈ ನಿಷೇಧ ನಿಮಗೆ ತಗಲುವುದಿಲ್ಲ. ನಾನು ಎಚ್-1ಬಿಯಲ್ಲಿದ್ದಾಗ ಆರು ವರ್ಷ ಇದರ ಮೇಲೆಯೇ ನಡೆಸಿದೆ. ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಲೈಸೆನ್ಸ್ ತೆಗೆಸುವವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು, ಮುಗಿಸಿದೆ. ಆದರೆ ಅಲ್ಲಿನ ಲೈಸೆನ್ಸ್ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಜೂನ್ 30ರ ರಾತ್ರಿ ನಿಮ್ಮ ಕಪಾಟಿನಲ್ಲಿ ಕಾನೂನುಬದ್ಧವಾಗಿದ್ದ ಅದೇ ಡಬ್ಬಿ, ನವೀಕರಿಸದಿದ್ದರೆ, ಮರುದಿನ ಬೆಳಗ್ಗೆ ನಿಮ್ಮನ್ನು ಅಪರಾಧಿಯಾಗಿಸುತ್ತದೆ. ಹೊಸ ಲೈಸೆನ್ಸ್ ಕೈಗೆ ಬರುವವರೆಗೆ ನನಗೆ ಸಮಾಧಾನವಿರುತ್ತಿರಲಿಲ್ಲ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕು ಇಲ್ಲ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಸರದಿಯಲ್ಲಿ ಕಾಯುತ್ತಿರುವವರು ಮಾತ್ರ ತಮ್ಮ ವಲಸೆ ವಕೀಲರನ್ನು ಕೇಳದೆ ಒಂದು ಖಾಲಿ ಕೇಸನ್ನೂ ಮನೆಗೆ ತರಬೇಡಿ. ಗಂಡನಿಗೆ ಲೈಸೆನ್ಸ್ ಇದ್ದು ಎಚ್-4ರಲ್ಲಿರುವ ಹೆಂಡತಿಗೆ ಇಲ್ಲದಿದ್ದರೆ ಕಪಾಟಿನ ಬೀಗದ ಕೈ ಆಕೆಯ ವಶಕ್ಕೆ ಸಿಗದಂತೆ ಇಡಬೇಕಾಗುತ್ತದೆ. ಕೈಗೆಟುಕುವಂತಿರುವುದನ್ನೂ ಕಾನೂನು ಹೊಂದಿರುವುದೆಂದೇ ಎಣಿಸಬಹುದು.

ಇದರ ಮೇಲೆ ರಾಜ್ಯದ ಕಾನೂನು. ಮ್ಯಾಸಚೂಸೆಟ್ಸ್‌ನಲ್ಲಿ ಮದ್ದು, ಪ್ರೈಮರುಗಳಿಗೂ ರಾಜ್ಯದ ಲೈಸೆನ್ಸ್ ಬೇಕು. ಇಲಿನಾಯ್‌ನಲ್ಲಿ ತೋಟಾ ಇಟ್ಟುಕೊಳ್ಳಲು ಫಾಯ್ಡ್ ಕಾರ್ಡ್, ಅಂದರೆ ಬಂದೂಕು ಮಾಲೀಕರಿಗೆ ರಾಜ್ಯ ಕೊಡುವ ಗುರುತಿನ ಚೀಟಿ, ಬೇಕು. ನ್ಯೂಯಾರ್ಕ್‌ನಲ್ಲಿ 2023ರಿಂದ ತೋಟಾ ಕೊಳ್ಳುವಾಗಲೂ ಹಿನ್ನೆಲೆ ತಪಾಸಣೆ. ಪೆನ್ಸಿಲ್ವೇನಿಯಾ, ಟೆಕ್ಸಸ್ ಕಡೆ ಇಷ್ಟು ಬಿಗಿ ಇಲ್ಲ. ಡಲ್ಲಾಸ್‌ನಿಂದ ಬಾಸ್ಟನ್‌ಗೆ ಕೆಲಸ ಬದಲಿಸುವವರು ಮನೆಸಾಮಾನಿನ ಜೊತೆ ಬೆಂಚಿನ ಸಾಮಾನನ್ನೂ ಲಾರಿಗೆ ಏರಿಸುವ ಮುನ್ನ ಹೋಗುವ ರಾಜ್ಯದ ನಿಯಮ ಓದಿ.

ಇನ್ನು ಕೆಲಸಕ್ಕೆ ಬರೋಣ. ಮಲೆನಾಡಿನವರಿಗೆ ವಿವರಿಸುವುದು ಸುಲಭ. ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದ ಕಡ್ಡಿಯಿಂದ ಜಡಿದು, ಚರೆ ಎಂಬ ಸಣ್ಣ ಗುಂಡುಗಳನ್ನು ಹಾಕಿ, ಮತ್ತೆ ನಾರು, ಕೊನೆಗೆ ಕೋವಿಯ ಕುದುರೆ, ಅಂದರೆ ಬಡಿಯುವ ಕೊಕ್ಕೆಯ ಕೆಳಗೆ ಕಿಡಿ ಹೊತ್ತಿಸುವ ಕೇಪು. ಇಲ್ಲಿಯೂ ಇರುವುದು ಅವೇ ವಸ್ತುಗಳು. ಹಿತ್ತಾಳೆಯ ಕೇಸು ನಳಿಗೆಯ ಬದಲು ಮದ್ದನ್ನು ಹಿಡಿದುಕೊಳ್ಳುತ್ತದೆ, ಕೇಪಿನ ಜಾಗದಲ್ಲಿ ಕೇಸಿನ ತಳಕ್ಕೆ ಒತ್ತಿ ಕೂರಿಸುವ ಪುಟ್ಟ ಪ್ರೈಮರ್, ಬಾಯಿಗೆ ಗುಂಡು. ಹೊಡೆದ ಮೇಲೆ ಮದ್ದು, ಪ್ರೈಮರ್, ಗುಂಡು ಹೋಗುತ್ತವೆ, ಕೇಸು ಉಳಿಯುತ್ತದೆ. ಹೆಚ್ಚು ಬೆಲೆಯ ಭಾಗ ಅದೇ, ಅದನ್ನೇ ಮತ್ತೆ ಮತ್ತೆ ತುಂಬುವುದು. ಆದರೆ ಅಜ್ಜನ ಕರಿಮದ್ದಿನ ಅಂದಾಜು ಇಲ್ಲಿನ ಹೊಗೆರಹಿತ ಮದ್ದಿಗೆ ನಡೆಯುವುದೇ ಇಲ್ಲ. ಚಿಟಿಕೆಯಲ್ಲಿ, ಕಣ್ಣಂದಾಜಿನಲ್ಲಿ ಹಾಕಿದರೆ ಕೋವಿ ಕೈಯಲ್ಲೇ ಸಿಡಿಯುತ್ತದೆ. ಅಳತೆ ಗ್ರೇನ್‌ಗಳಲ್ಲಿ, ಒಂದು ಪೌಂಡಿಗೆ 7,000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಮದ್ದು ಅಥವಾ ಗುಂಡು ಮಾಡುವ ಕಂಪನಿ ಪ್ರಕಟಿಸಿದ ಕೈಪಿಡಿಯಲ್ಲಿ ನಿಮ್ಮ ಗುಂಡಿಗೆ, ನಿಮ್ಮ ಮದ್ದಿಗೆ ಏನು ಬರೆದಿದೆಯೋ ಅದೇ ಪ್ರಮಾಣ. ಅದರಲ್ಲಿ ಕನಿಷ್ಠದಿಂದ ಆರಂಭಿಸಬೇಕು. ಗೆಳೆಯನ ಚೀಟಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಅಂಕಿ, ಯಾವುದನ್ನೂ ನಂಬಬೇಡಿ. ಈ ಲೇಖನದಲ್ಲಿ ಪ್ರಮಾಣ ಬರೆಯದಿರುವುದೂ ಅದಕ್ಕೇ.

ಹೊಸಬರು ಒಂದೊಂದೇ ಹಂತದಲ್ಲಿ ನಡೆಯುವ ಸಿಂಗಲ್ ಸ್ಟೇಜ್ ಪ್ರೆಸ್ ಕೊಳ್ಳಿ. ಗಂಟೆಗೆ ನೂರಾರು ತುಂಬುವ ಪ್ರೋಗ್ರೆಸಿವ್ ಯಂತ್ರ ಆಮೇಲೆ ನೋಡೋಣ. ಬೆಂಚಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ ಇರಲಿ. ಎರಡು ಡಬ್ಬಿ ತೆರೆದಿಟ್ಟು ಒಂದರದ್ದನ್ನು ಇನ್ನೊಂದಕ್ಕೆ ಸುರಿದವರಿದ್ದಾರೆ. ಐವತ್ತು ಕೇಸುಗಳನ್ನು ತೂತುಗಳಿರುವ ಮರದ ಹಲಗೆಯಲ್ಲಿ ನಿಲ್ಲಿಸಿ, ಮದ್ದು ಹಾಕಿದ ಮೇಲೆ ಗುಂಡು ಕೂರಿಸುವ ಮುನ್ನ ಟಾರ್ಚ್ ಹಿಡಿದು ಪ್ರತಿಯೊಂದರೊಳಗೂ ಇಣುಕಿ ನೋಡಿ. ಎಲ್ಲದರಲ್ಲೂ ಮದ್ದಿನ ಮಟ್ಟ ಒಂದೇ ಸಮ ಇರಬೇಕು.

ಇದನ್ನು ನಾನು ಕಲಿತದ್ದು ಒಂದು ಸಂಜೆಯ ತಪ್ಪಿನಿಂದ. ರಾತ್ರಿ ಒಂಬತ್ತೂವರೆಗೆ, ಊರಲ್ಲಿ ಬೆಳಗಾದ ಹೊತ್ತಿಗೆ, ಅಮ್ಮನ ಫೋನ್ ಬಂತು. ಅರ್ಧ ಹಲಗೆಗೆ ಮದ್ದು ಹಾಕಿದ್ದೆ. ಮಾತಾಡಿ ಬಂದು ಎಲ್ಲಿಗೆ ಬಿಟ್ಟಿದ್ದೆನೋ ಅಲ್ಲಿಂದ ಎಂದುಕೊಂಡು ಮುಂದುವರಿಸಿದೆ. ಒಂದು ಕೇಸು ತಪ್ಪಿಹೋಗಿತ್ತು. ಮುಂದಿನ ವಾರ ಗುರಿ ಅಭ್ಯಾಸದ ರೇಂಜಿನಲ್ಲಿ ಹೊಡೆಯುತ್ತಿದ್ದಾಗ 'ಢಂ' ಎನ್ನಬೇಕಾದಲ್ಲಿ 'ಟಪ್' ಎಂದಿತು, ಭುಜಕ್ಕೆ ಒದೆತವೇ ಇಲ್ಲ. ಮತ್ತೊಂದು ತೋಟಾ ಹಾಕಲು ಬೋಲ್ಟ್ ಎಳೆದಿದ್ದೆ. ಪಕ್ಕದ ಬೆಂಚಿನ ಮುದುಕರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಪ್ರೈಮರಿನ ಬಲದಿಂದಲೇ ಹೊರಟ ಗುಂಡು ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಒಡೆದು ನನ್ನ ಎಡಗೈ ಹೋಗುತ್ತಿತ್ತು. ಇದಕ್ಕೆ ಇಲ್ಲಿ ಸ್ಕ್ವಿಬ್ ಎನ್ನುತ್ತಾರೆ. ಸದ್ದು ಸಣ್ಣದಾದರೆ ನಿಲ್ಲಿಸಿ, ನಳಿಗೆ ಪರೀಕ್ಷಿಸಿ. ತುಂಬಲು ಕೂತಾಗ ಫೋನ್ ಒಳಗಿನ ಕೋಣೆಯಲ್ಲಿರಲಿ. ನಡುವೆ ಎದ್ದರೆ ಹಾಕಿದ ಮದ್ದನ್ನೆಲ್ಲ ಡಬ್ಬಿಗೆ ವಾಪಸ್ ಸುರಿದು ಮೊದಲಿನಿಂದ ಶುರುಮಾಡಿ.

ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು? ಬೆಂಕಿ ಸುರಕ್ಷತೆಯ ರಾಷ್ಟ್ರೀಯ ಮಾನದಂಡ ಎನ್‌ಎಫ್‌ಪಿಎ 495ರಂತೆ ಮನೆಯಲ್ಲಿ ಮೂಲ ಡಬ್ಬಿಗಳಲ್ಲೇ 20 ಪೌಂಡ್‌ವರೆಗೆ ಹೊಗೆರಹಿತ ಮದ್ದು, ಅದಕ್ಕಿಂತ ಹೆಚ್ಚಾದರೆ 50 ಪೌಂಡ್‌ವರೆಗೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೆಯಲ್ಲಿ, ಪ್ರೈಮರ್ 10,000. ನಿಮ್ಮ ಊರಿನ ಫೈರ್ ಕೋಡ್ ಇದಕ್ಕಿಂತ ಬಿಗಿಯಿರಬಹುದು, ಅಪಾರ್ಟ್‌ಮೆಂಟಿನ ಬಾಡಿಗೆ ಕರಾರು ಪೂರ್ತಿ ಬೇಡವೆನ್ನಬಹುದು. ಮದ್ದನ್ನು ಗಾಳಿಯಾಡದ ಲೋಹದ ತಿಜೋರಿಯಲ್ಲಿ ಮುಚ್ಚಿಡಬೇಡಿ. ಬೆಂಕಿ ತಗುಲಿದರೆ ಬರೀ ಉರಿಯಬೇಕಾದದ್ದು ಅಲ್ಲಿ ಬಾಂಬಿನಂತೆ ಸಿಡಿಯುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಸೀಸದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಡೆದ ಕೇಸುಗಳನ್ನು ಉಜ್ಜಿ ತೊಳೆಯುವ ಯಂತ್ರದ ಧೂಳಿನಲ್ಲಿ ಸೀಸ ಇರುತ್ತದೆ. ಅದನ್ನು ಅಡುಗೆಮನೆಯ ಹತ್ತಿರ ತರಬೇಡಿ, ಬೆಂಚಿನ ಬಳಿ ಏನನ್ನೂ ತಿನ್ನಬೇಡಿ, ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ.

ನೀವು ತುಂಬಿದ್ದನ್ನು ಮಾರುವಂತಿಲ್ಲ. ಮಾರಾಟಕ್ಕೆ ತಯಾರಿಸುವವರಿಗೆ ಕೇಂದ್ರ ಸರ್ಕಾರದ ಟೈಪ್ 06 ಲೈಸೆನ್ಸ್ ಬೇಕು. ಗೆಳೆಯರಿಗೆ ಸುಮ್ಮನೆ ಕೊಡುವುದೂ ಬೇಡ ಎಂಬುದು ನನ್ನ ಅಭಿಪ್ರಾಯ: ಅವರ ಕೋವಿ ಒಡೆದರೆ ಹೊಣೆ ನಿಮ್ಮದು. ಅನೇಕ ಬಂದೂಕು ಕಂಪನಿಗಳು ಮನೆಯಲ್ಲಿ ತುಂಬಿದ ತೋಟಾ ಬಳಸಿದರೆ ವಾರಂಟಿ ಇಲ್ಲವೆಂದು ಬರೆದಿರುತ್ತವೆ, ಕೆಲವು ರೇಂಜ್‌ಗಳು ಒಳಗೆ ಬಿಡುವುದೇ ಇಲ್ಲ.

ಇನ್ನು ಕೊರತೆಯ ಮಾತು. 2012ರ ಡಿಸೆಂಬರಿನ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ ಕಾನೂನು ಬಿಗಿಯಾಗುತ್ತದೆಂದು ಜನ ಮುಗಿಬಿದ್ದು ಕೊಂಡರು; .22ರಂಥ ಸಾಮಾನ್ಯ ತೋಟಾವೂ ಬಹುಕಾಲ ಸಿಗಲಿಲ್ಲ. 2020ರಲ್ಲಿ ಕೋವಿಡ್, ಚುನಾವಣೆ, ಜೊತೆಗೆ ಜುಲೈನಲ್ಲಿ ಬಂದೂಕು, ತೋಟಾ ಮಾಡುವ ರೆಮಿಂಗ್ಟನ್ ಕಂಪನಿಯ ದಿವಾಳಿ ಅರ್ಜಿ. ಆಗ ತೋಟಾ ಇಲ್ಲವೆಂದು ಪ್ರೆಸ್ ಕೊಂಡವರು ಬಹಳ. ಪ್ರೆಸ್ ಸಿಕ್ಕಿತು, ಪ್ರೈಮರ್ ಸಿಗಲಿಲ್ಲ. ಕಾರಣ ಸರಳ. ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರೈಮರ್ ಮಾಡುವ ಹೆಸರುಗಳು ಸಿಸಿಐ, ಫೆಡರಲ್, ರೆಮಿಂಗ್ಟನ್, ವಿಂಚೆಸ್ಟರ್, ಇಷ್ಟೇ. ಮೊದಲ ಮೂರು ಈಗ ಒಂದೇ ಒಡೆತನದಲ್ಲಿವೆ, 2024ರಲ್ಲಿ ಜೆಕ್ ದೇಶದ ಕಂಪನಿಯೊಂದು ಕೊಂಡುಕೊಂಡಿದೆ. ಬೇಡಿಕೆ ಏರಿದಾಗ ಇವರು ಪ್ರೈಮರನ್ನು ಮೊದಲು ತಮ್ಮದೇ ತೋಟಾಗಳಿಗೆ ಹಾಕುತ್ತಾರೆ, ಬಿಡಿಯಾಗಿ ಮಾರಾಟಕ್ಕೆ ಬರುವುದು ಉಳಿದದ್ದು. ಹಿಂದೆ ಸಾವಿರಕ್ಕೆ ಸುಮಾರು 30-35 ಡಾಲರ್ ಇದ್ದದ್ದು 2021ರಲ್ಲಿ ಎರಡು-ಮೂರು ಪಟ್ಟಾಯಿತು. ಮದ್ದಿನ ಕಥೆಯೂ ಹಾಗೆಯೇ. ಅದರ ಮೂಲ ವಸ್ತು ಹತ್ತಿಯಿಂದ ಮಾಡುವ ನೈಟ್ರೊಸೆಲ್ಯುಲೋಸ್. ಉಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿಗಳಿಗೂ ಅದೇ ಬೇಕು.

ಹಾಗಾಗಿ ಕೊರತೆ ಬಂದಾಗ ತುಂಬಲು ಕಲಿಯುವವನಿಗೆ ಇದರಿಂದ ಉಪಯೋಗವಿಲ್ಲ. ಕಪಾಟು ತುಂಬಿರುವಾಗ ಒಂದೆರಡು ಸೀಸನ್‌ಗೆ ಆಗುವಷ್ಟು ಪ್ರೈಮರ್, ಮದ್ದು ತೆಗೆದಿಟ್ಟುಕೊಂಡವನಿಗೆ ಮಾತ್ರ ಉಪಯೋಗ. ವರ್ಷಕ್ಕೆ ಒಂದು ಡಬ್ಬಿ ತೋಟಾ ಮುಗಿಸದವರು ಆ ಒಂದು ಡಬ್ಬಿಯನ್ನು ಬೇಸಿಗೆಯಲ್ಲೇ ಕೊಂಡಿಟ್ಟರೆ ಸಾಕು, ಪ್ರೆಸ್ ಬೇಡ. ಮದ್ದು, ಪ್ರೈಮರ್ ಆನ್‌ಲೈನ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕವೆಂದು ಪ್ರತಿ ಆರ್ಡರಿಗೂ ಹಲವು ಡಾಲರ್ ಸೇರುತ್ತದೆ. ಅದಕ್ಕೆ ಇಲ್ಲಿನವರು ನಾಲ್ಕು ಜನ ಕೂಡಿ ತರಿಸುತ್ತಾರೆ. ಆ ನಾಲ್ವರಲ್ಲಿ ಬೇಟೆ ಲೈಸೆನ್ಸ್ ಇಲ್ಲದ ಎಚ್-1ಬಿ ಹುಡುಗನಿದ್ದರೆ ಗೊತ್ತಿದ್ದೂ ಅವನ ಪಾಲು ಕೊಟ್ಟ ನೀವೂ ಅಪರಾಧಿಯಾಗುತ್ತೀರಿ. ಅಂಚೆಯಲ್ಲಿ ಮದ್ದು, ಪ್ರೈಮರ್ ಕಳಿಸುವುದು ಯಾರಿಗೂ ನಿಷಿದ್ಧ.

ಕೊನೆಯದಾಗಿ ಊರಿಗೆ ಹೊರಡುವಾಗಿನ ಮಾತು. ವಿಮಾನದಲ್ಲಿ ಮದ್ದು, ಪ್ರೈಮರುಗಳಿಗೆ ಕೈಚೀಲದಲ್ಲೂ ಲಗೇಜಿನಲ್ಲೂ ಜಾಗವಿಲ್ಲ. ಅದಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಮರೆತುಹೋದ ಒಂದೇ ಒಂದು ತೋಟಾಕ್ಕೆ. ಭಾರತದ ವಿಮಾನ ನಿಲ್ದಾಣಗಳಲ್ಲಿ ಚೀಲದ ಮೂಲೆಯಲ್ಲಿ ಒಂದು ಜೀವಂತ ತೋಟಾ ಸಿಕ್ಕಿದರೆ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಎಫ್‌ಐಆರ್ ಆಗುತ್ತದೆ. ಗೊತ್ತಿಲ್ಲದೆ ಉಳಿದದ್ದೆಂದು ಕೋರ್ಟಿನಲ್ಲಿ ಬಿಡಿಸಿಕೊಳ್ಳುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಹೋದ ವರ್ಷ ನನ್ನ ಹಳೆಯ ಬೆನ್ನುಚೀಲವನ್ನು ಮಗಳಿಗೆ ಕೊಡುವ ಮೊದಲು ತಲೆಕೆಳಗಾಗಿ ಕೊಡವಿದೆ. ಒಳಪದರದ ಹರಿದ ಹೊಲಿಗೆಯಿಂದ ಹಿತ್ತಾಳೆಯ ಕೇಸೊಂದು ಟಣ್ಣೆಂದು ನೆಲಕ್ಕೆ ಬಿತ್ತು. ಅಂದಿನಿಂದ ರೇಂಜಿನ ಚೀಲ ರೇಂಜಿಗೆ ಮಾತ್ರ, ಅದರ ಹಿಡಿಕೆಗೆ ಕೆಂಪು ದಾರ ಕಟ್ಟಿದ್ದೇನೆ.