ಕೋಟೆಯ ಕಬ್ಬಿಣ ಗುಜರಿಗೆ ಹೋಗದಂತೆ ಕಾಯುವ ಬಗೆ

ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಕೆಳದಿ ಅರಸರ ಹಳೆಯ ಬಿದನೂರಿನಲ್ಲಿ, 2018ರ ಜುಲೈ ತಿಂಗಳಲ್ಲಿ ಪಾಳುಬಾವಿಯೊಂದರ ಹೂಳು ಎತ್ತಿದಾಗ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಹೊರಬಂದವು. ಗೇಣುದ್ದದ ಆ ಕೊಳವೆಗಳು ಟಿಪ್ಪು ಸುಲ್ತಾನನ ಕಾಲದ ಯುದ್ಧದ ರಾಕೆಟ್‌ಗಳಾಗಿದ್ದವು. ಸುತ್ತಲಿನ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತು. ಅದೇ ಊರಿನಲ್ಲಿ 2002ರಲ್ಲಿಯೂ ಇಂಥವು ಸಿಕ್ಕಿದ್ದವು, ಆದರೆ ಅವು ಏನೆಂದು ಗೊತ್ತಾಗಲು ವರ್ಷಗಳೇ ಹಿಡಿದವು. ಆ ನಡುವಿನ ಅವಧಿಯಲ್ಲಿ ಯಾರಾದರೂ ಅವನ್ನು ಮೂಟೆ ಕಟ್ಟಿ ಗುಜರಿ ಅಂಗಡಿಗೆ ಹಾಕಿದ್ದರೆ, ಹೋದದ್ದು ಏನೆಂದು ಕೇಳುವವರೂ ಇರುತ್ತಿರಲಿಲ್ಲ.

ಮಲೆನಾಡಿನ ಕೋಟೆಗಳ ಕಬ್ಬಿಣಕ್ಕೆ ಇರುವ ದೊಡ್ಡ ಅಪಾಯ ಇದೇ. ಶಿಲ್ಪ ಕದ್ದರೆ ಊರು ಎದ್ದು ನಿಲ್ಲುತ್ತದೆ; ಫಿರಂಗಿಯ ಗುಂಡು, ಹೆಬ್ಬಾಗಿಲಿನ ಕೀಲು, ಮುಳ್ಳುಮೊಳೆ, ಸರಪಳಿ ಹೋದರೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಕಾವಲುಗಾರನಿಗಿಂತ, ಬೇಲಿಗಿಂತ ಮೊದಲು ಬೇಕಾದದ್ದು ಒಂದು ಪಟ್ಟಿ. ಇದ್ದದ್ದನ್ನು ತೋರಿಸಲಾಗದವರು ಕಳೆದದ್ದನ್ನು ಸಾಬೀತುಪಡಿಸಲಾರರು.

ಪಟ್ಟಿ ಮಾಡುವ ಮುನ್ನ ಕೋಟೆ ಯಾರ ಸುಪರ್ದಿಯಲ್ಲಿದೆ ಎಂಬುದನ್ನು ತಿಳಿದುಕೊಳ್ಳಬೇಕು. ನಮ್ಮ ಭಾಗದ ಕೆಲವು ಕೋಟೆಗಳು ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವು, ಕೆಲವು ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯವು. ಇನ್ನು ಕೆಲವು ಅರಣ್ಯದ ಒಳಗೆ, ಕಂದಾಯ ಭೂಮಿಯಲ್ಲಿ ಅಥವಾ ಯಾರದೋ ಅಡಿಕೆ ತೋಟದ ಅಂಚಿನಲ್ಲಿ ಯಾವ ಫಲಕವೂ ಇಲ್ಲದೆ ಬಿದ್ದಿವೆ. ಪಹಣಿ ತೆಗೆಸಿ ಸರ್ವೆ ನಂಬರ್ ನೋಡಿದರೆ ಅರ್ಧ ಉತ್ತರ ಸಿಗುತ್ತದೆ, ಉಳಿದರ್ಧವನ್ನು ಗ್ರಾಮ ಆಡಳಿತಾಧಿಕಾರಿಯಿಂದ ಕೇಳಿ ತಿಳಿಯಬಹುದು. ಸಂರಕ್ಷಿತ ಸ್ಮಾರಕವಾದರೆ 1958ರ ಕೇಂದ್ರ ಕಾಯ್ದೆ ಅಥವಾ 1961ರ ರಾಜ್ಯ ಕಾಯ್ದೆ ಅನ್ವಯಿಸುತ್ತದೆ. ಸಂರಕ್ಷಿತವಲ್ಲದ ಜಾಗದಲ್ಲಿಯೂ ನೂರು ವರ್ಷಕ್ಕಿಂತ ಹಳೆಯ ಇಂಥ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ದೃಷ್ಟಿಯಲ್ಲಿ ಪುರಾತನ ವಸ್ತುವೇ. ಅರಣ್ಯದೊಳಗಿನ ಕೋಟೆಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಬರಹದಲ್ಲಿ ಪಡೆದೇ ಹೋಗತಕ್ಕದ್ದು. ಇಲ್ಲವಾದರೆ ಕಾಯಲು ಹೋದವರೇ ಕಳ್ಳರ ಸಾಲಿನಲ್ಲಿ ನಿಲ್ಲಬೇಕಾದೀತು.

ಪಟ್ಟಿಗೆ ಬೇಕಾದ ಸಲಕರಣೆ ಹೆಚ್ಚೇನಲ್ಲ: ಅಳತೆಪಟ್ಟಿ, ನೋಟ್‌ಬುಕ್, ಮೊಬೈಲ್ ಕ್ಯಾಮೆರಾ, ಮತ್ತು ಫೋಟೊದಲ್ಲಿ ವಸ್ತುವಿನ ಪಕ್ಕ ಇಡಲು ಒಂದು ಅಡಿಕೋಲು. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡಿ, ಆದರೆ ಆ ಸಂಖ್ಯೆ ಪುಸ್ತಕದಲ್ಲಿರಲಿ; ಬಣ್ಣದಿಂದಾಗಲಿ ಸುಣ್ಣದಿಂದಾಗಲಿ ವಸ್ತುವಿನ ಮೇಲೆ ಬರೆಯಬೇಡಿ. ನಾಲ್ಕು ದಿಕ್ಕಿನಿಂದ ನಾಲ್ಕು ಚಿತ್ರ, ಹಿನ್ನೆಲೆಯಲ್ಲಿ ಬುರುಜೋ ಬಾಗಿಲೋ ಕಾಣುವಂತೆ ದೂರದಿಂದ ಒಂದು ಚಿತ್ರ, ಮತ್ತು ಗುರುತು, ಬಿರುಕು, ಅಕ್ಷರ ಏನಿದ್ದರೂ ಅದರ ಹತ್ತಿರದ ಚಿತ್ರ ಇರಲಿ. ಒಂದೇ ತರಹದ ನೂರು ಗುಂಡುಗಳ ನಡುವೆ ಕಳುವಾದ ಗುಂಡನ್ನು ಗುರುತಿಸಿಕೊಡುವುದು ಆ ಬಿರುಕೇ.

ಗುಂಡಿನ ವ್ಯಾಸ ಅಳೆದರೆ ತೂಕವನ್ನು ಅಂದಾಜು ಮಾಡಬಹುದು. ಹತ್ತು ಸೆಂಟಿಮೀಟರ್ ವ್ಯಾಸದ ಎರಕದ ಕಬ್ಬಿಣದ ಗುಂಡು ಸುಮಾರು ಮೂರೂಮುಕ್ಕಾಲು ಕಿಲೊ ತೂಗುತ್ತದೆ. ಅಷ್ಟು ಕಬ್ಬಿಣಕ್ಕೆ ಗುಜರಿಯಲ್ಲಿ ಸಿಗುವುದು ನೂರು ಚಿಲ್ಲರೆ ರೂಪಾಯಿ. ಒಂದು ಚರಿತ್ರೆ ಅಷ್ಟಕ್ಕೆ ಮಾರಾಟವಾಗುತ್ತದೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ತೋಪುಗಳಿದ್ದರೆ ಬಾಯಿಯ ಒಳವ್ಯಾಸ, ಒಟ್ಟು ಉದ್ದ, ಎರಡು ಪಕ್ಕದ ಗೂಟಗಳ ಅಳತೆ ಬರೆದುಕೊಳ್ಳಬೇಕು. ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದ. 1783ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೈನ್ಯ ಕರಾವಳಿಯಿಂದ ಘಟ್ಟ ಹತ್ತಿ ಬಂದು ಹಿಡಿಯಿತು, ಅದೇ ವರ್ಷ ಟಿಪ್ಪು ಅದನ್ನು ಮರಳಿ ಪಡೆದ. ಹೀಗೆ ಕೈ ಬದಲಾದ ನಾಡಿನಲ್ಲಿ ಇಂಗ್ಲಿಷರ ತೋಪೂ ಸಿಕ್ಕೀತು. ಅಂಥದರ ಮೇಲೆ 9-2-14 ಎಂಬ ಮಾದರಿಯ ಮೂರು ಅಂಕಿ ಕೆತ್ತಿದ್ದರೆ ಅದು ತೂಕದ ಗುರುತು: 112 ಪೌಂಡಿನ ಒಂಬತ್ತು ಹಂಡ್ರೆಡ್‌ವೇಟ್, 28 ಪೌಂಡಿನ ಎರಡು ಕ್ವಾರ್ಟರ್, ಮತ್ತು 14 ಪೌಂಡ್, ಒಟ್ಟು 1,078 ಪೌಂಡ್, ಅಂದರೆ ಸುಮಾರು 489 ಕಿಲೊ. ಅಷ್ಟು ಭಾರವನ್ನು ಯಾರೂ ಹೆಗಲ ಮೇಲೆ ಹೊರಲಾರರು, ಸಾಗಿಸಲು ಗಾಡಿ ಬೇಕು ಅಥವಾ ಅಲ್ಲೇ ಗ್ಯಾಸ್ ಕಟರ್ ಬೇಕು. ಕೋಟೆಯ ಬುಡಕ್ಕೆ ವಾಹನ ಬರುವ ದಾರಿ ಎಷ್ಟಿವೆ, ಅವು ಯಾರ ಮನೆಯ ಮುಂದಿನಿಂದ ಹಾದುಹೋಗುತ್ತವೆ ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆದಿಡುವುದು ಇದೇ ಕಾರಣಕ್ಕೆ.

ಪಟ್ಟಿಯ ಒಂದು ಪ್ರತಿಯನ್ನು ಇಲಾಖೆಗೆ, ಒಂದನ್ನು ಗ್ರಾಮ ಪಂಚಾಯಿತಿಗೆ, ಒಂದನ್ನು ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಫೇಸ್‌ಬುಕ್ಕಿಗೆ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಮಾತ್ರ ಹಾಕಬೇಡಿ. ಫಿರಂಗಿಯ ಪಕ್ಕ ನಿಂತು ತೆಗೆದ ಸೆಲ್ಫಿಗೆ ಜಾಗದ ಗುರುತು ಅಂಟಿಸುವುದೆಂದರೆ ಕಳ್ಳನಿಗೆ ದಾರಿ ತೋರಿದಂತೆಯೇ.

ಯಾವಾಗ ಕಾಯಬೇಕು ಎಂಬುದೂ ಮುಖ್ಯ. ಮಳೆಗಾಲದಲ್ಲಿ ಇಂಬಳ, ಜಾರುವ ಜಂಬಿಟ್ಟಿಗೆ, ಆಳೆತ್ತರದ ಗಿಡಗಂಟಿಗಳೇ ಕೋಟೆಯ ಕಾವಲುಗಾರರು. ಗಿಡ ಒಣಗಿ ದಾರಿ ತೆರೆದುಕೊಳ್ಳುವ ಡಿಸೆಂಬರ್‌ನಿಂದ ಮೇ ವರೆಗೆ ತಿಂಗಳಿಗೊಮ್ಮೆಯಾದರೂ ಇಬ್ಬರು ಒಟ್ಟಿಗೆ ಸುತ್ತು ಹಾಕಿ, ಪುಸ್ತಕ ಹಿಡಿದು ವಸ್ತುಗಳನ್ನು ಎಣಿಸಬೇಕು. ನಿಧಿಗಳ್ಳರ ವಿಷಯ ಬೇರೆ. ಅವರು ಬರುವುದು ಚಿನ್ನಕ್ಕೆ. ಚಿನ್ನ ಸಿಗದಿದ್ದರೆ ಅಗೆತದಲ್ಲಿ ಸಿಕ್ಕ ಕಬ್ಬಿಣವನ್ನು ಹೊತ್ತೊಯ್ಯುತ್ತಾರೆ. ಅಮಾವಾಸ್ಯೆಯ ಮರುದಿನ ನಿಂಬೆಹಣ್ಣು, ಕುಂಕುಮ, ಹೊಸ ಮಣ್ಣಿನ ಗುಡ್ಡೆ ಕಂಡರೆ ಗುಂಡಿಯನ್ನು ಮುಚ್ಚದೆ, ತುಳಿಯದೆ ಚಿತ್ರ ತೆಗೆದು ಅದೇ ದಿನ ಬೀಟ್ ಪೊಲೀಸರಿಗೆ ತಿಳಿಸಿ. ರಾತ್ರಿ ಟಾರ್ಚ್ ಬೆಳಕು ಕಂಡರೆ ನೀವಾಗಿ ಎದುರು ಹೋಗಬೇಡಿ, 112ಕ್ಕೆ ಕರೆ ಮಾಡಿ.

ಕದ್ದ ಮಾಲು ಸಾಗುವ ದಾರಿ ಇಕ್ಕಟ್ಟಾಗುವುದು ಗುಜರಿ ಅಂಗಡಿಯಲ್ಲಿ. ಸುತ್ತಲಿನ ಅಂಗಡಿಗಳಿಗೆ ಹಗಲಿನಲ್ಲಿ, ಸಾಧ್ಯವಾದರೆ ಪಂಚಾಯಿತಿಯವರೊಬ್ಬರ ಜೊತೆ ಹೋಗಿ, ಗುಂಡು, ರಾಕೆಟ್ ಕೊಳವೆ, ಬಾಗಿಲಿನ ಮೊಳೆ ಹೇಗಿರುತ್ತವೆ ಎಂಬ ಚಿತ್ರಗಳ ಒಂದು ಹಾಳೆ ಕೊಟ್ಟು ಬನ್ನಿ. ಗದರಿಸುವ ದನಿ ಬೇಡ. ಅವರಲ್ಲಿ ಬಹುಪಾಲು ಜನ ತೂಕಕ್ಕೆ ಕೊಂಡು ತೂಕಕ್ಕೆ ಮಾರುವವರು, ಕೈಗೆ ಬಂದದ್ದು ಏನೆಂದು ಅರಿಯದವರು. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ ಎಂಬುದನ್ನು ಹಾಳೆಯ ಕೆಳಗೆ ಒಂದು ಸಾಲಿನಲ್ಲಿ ಬರೆದರೆ ಸಾಕು. ಉಳಿಸುವ ಹುಮ್ಮಸ್ಸಿನಲ್ಲಿ ಹೆಚ್ಚು ಬೆಲೆ ಕೊಟ್ಟು ನೀವೇ ಕೊಳ್ಳಬೇಡಿ, ಅದರಿಂದ ಕೋಟೆಯ ಕಬ್ಬಿಣಕ್ಕೊಂದು ಮಾರುಕಟ್ಟೆ ಹುಟ್ಟುತ್ತದೆ.

ಊರಿನ ಮನೆಗಳಲ್ಲಿರುವ ವಸ್ತುಗಳ ವಿಚಾರ ನಾಜೂಕಿನದು. ನಮ್ಮ ಅಂಗಳದಲ್ಲಿ ಅಡಿಕೆ ಹರವಿದ ಟಾರ್ಪಾಲಿನ ಮೂಲೆ ಹಾರದಂತೆ ಭಾರಕ್ಕಿಡುತ್ತಿದ್ದ ಕರಿಯ ಉಂಡೆ ಫಿರಂಗಿಯ ಗುಂಡೆಂದು ನನಗೆ ತಿಳಿದದ್ದು ಮೀಸೆ ಬಂದ ಮೇಲೆ. ಅಜ್ಜನ ಕಾಲದಲ್ಲಿ ಹೊಲ ಉಳುವಾಗ ಸಿಕ್ಕಿದ್ದನ್ನು ಇಟ್ಟುಕೊಂಡವರನ್ನು ಕಳ್ಳರೆಂದು ಕರೆದರೆ ಮರುದಿನವೇ ಅದು ಗುಜರಿಗೆ ಹೋಗುತ್ತದೆ. ಅದನ್ನೂ ಪಟ್ಟಿಗೆ ಸೇರಿಸಿ, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಅಲ್ಲಿಗೆ ಒಪ್ಪಿಸಬಹುದು ಎಂದು ಹೇಳಿ ಬನ್ನಿ.

ಮಣ್ಣಿನಲ್ಲಿ ಹೊಸದಾಗಿ ಏನಾದರೂ ಕಂಡರೆ ಕೀಳಬೇಡಿ. ಕೊಳವೆಯಲ್ಲಿ ಮದ್ದು ಉಳಿದಿರಬಹುದು; ಬೆಂಕಿ, ಸುತ್ತಿಗೆ, ಗರಗಸ ಹತ್ತಿರ ತರಬಾರದು. ಜೊತೆಗೆ ಕೆಸರಿನಲ್ಲಿ ಗಾಳಿಯಾಡದೆ ಎರಡು ಶತಮಾನ ಉಳಿದ ಕಬ್ಬಿಣ ಮೇಲೆ ಬಂದು ಒಣಗತೊಡಗಿದ ಕೂಡಲೇ ಪದರ ಪದರವಾಗಿ ಸಿಡಿಯುತ್ತದೆ. ಉಜ್ಜುವುದು, ಎಣ್ಣೆ ಹಚ್ಚುವುದು, ಬಣ್ಣ ಬಳಿಯುವುದು ಎಲ್ಲವೂ ಹಾನಿಯೇ. ಹಸಿ ಮಣ್ಣನ್ನೇ ಮೇಲೆ ಮುಚ್ಚಿ, ಜಾಗ ಗುರುತಿಟ್ಟು, ಇಲಾಖೆಗೂ ತಹಶೀಲ್ದಾರರಿಗೂ ಬರಹದಲ್ಲಿ ತಿಳಿಸಿ.

ಇಷ್ಟೆಲ್ಲ ಮಾಡಿಯೂ ಕಳುವಾದರೆ, ಪಟ್ಟಿಯ ಪ್ರತಿಯೊಂದಿಗೆ ಠಾಣೆಗೆ ಹೋಗಿ ಎಫ್‌ಐಆರ್ ದಾಖಲಿಸಿ. ಸರ್ಕಾರದ ಸ್ವತ್ತಾಗಿದ್ದರೆ ಅದೇ ನ್ಯಾಯ ಸಂಹಿತೆಯ ಸಾಮಾನ್ಯ ಕಳವಿನ 303ನೇ ಕಲಮಿಗಿಂತ ಹೆಚ್ಚಿನ ಶಿಕ್ಷೆಯ 305ನೇ ಕಲಮು ಅನ್ವಯಿಸುತ್ತದೆ ಎಂಬುದನ್ನು ದೂರಿನಲ್ಲೇ ಬರೆಯಿರಿ. ಮಾಲು ಮರಳಿ ಸಿಕ್ಕಾಗ ಮಹಜರಿನಲ್ಲಿ ‘ಹಳೆಯ ಕಬ್ಬಿಣದ ತುಂಡು’ ಎಂದು ಬರೆಯಲು ಬಿಡದೆ ನಿಮ್ಮ ಪುಸ್ತಕದ ಸಂಖ್ಯೆ, ಅಳತೆ, ಗುರುತುಗಳನ್ನು ನಮೂದಿಸುವಂತೆ ಕೇಳಿಕೊಳ್ಳಿ. ತುಂಡಿನ ಲೆಕ್ಕದಲ್ಲಿ ಠಾಣೆಯ ಮಾಲುಖಾನೆ ಸೇರಿದ ಗುಂಡು ಮುಂದೊಂದು ದಿನ ಹರಾಜಿನ ರಾಶಿಯಲ್ಲಿ ಅದೇ ಗುಜರಿಗೆ ಹೋಗಲೂಬಹುದು.